ಒಂದೇ ಬ್ಲಾಕ್, ಎಂಟು ಬಾರಿ: ಸರ್ಕ್ಯೂಟ್ ಬೋರ್ಡ್ ವಿನ್ಯಾಸದಲ್ಲಿ ಹೆಸರುಗಳ ಶಿಸ್ತು

ಮಾಣಿ–ಮೈಸೂರು ಹೆದ್ದಾರಿಯಲ್ಲಿ ಸುಳ್ಯ ದಾಟಿ ಅರಂತೋಡಿನತ್ತ ಸಾಗಿದರೆ ರಸ್ತೆಯ ಇಬ್ಬದಿಗಳಲ್ಲಿಯೂ ಅಡಿಕೆ ಮತ್ತು ರಬ್ಬರ್ ತೋಟಗಳು ಕಾಣಸಿಗುತ್ತವೆ. ಇಳಿಜಾರಿನ ಅಡಿಕೆ ತೋಟಕ್ಕೆ ಏಕಕಾಲದಲ್ಲಿ ನೀರುಣಿಸುವುದು ಸಾಮಾನ್ಯವಾಗಿ ಒಂದು ಪಂಪಿನಿಂದ ಸಾಧ್ಯವಾಗದು. ಆದುದರಿಂದ ತೋಟವನ್ನು ಭಾಗಗಳನ್ನಾಗಿ ವಿಂಗಡಿಸಿ, ಸರದಿಯಂತೆ ಒಂದೊಂದೇ ಗೇಟ್‌ವಾಲ್ವ್ ತಿರುಗಿಸುವುದು ವಾಡಿಕೆ. ಈ ಕೆಲಸವನ್ನು ತಾನಾಗಿಯೇ ಮಾಡುವ ನಿಯಂತ್ರಕ ಪೆಟ್ಟಿಗೆಗಳಿಗೆ ಕೃಷಿಕರಿಂದ ಬೇಡಿಕೆಯಿದೆ. ಇಂತಹ ಪೆಟ್ಟಿಗೆಗಳನ್ನು ತಯಾರಿಸುವ ಅಥವಾ ತಯಾರಿಸಲು ಯೋಚಿಸುತ್ತಿರುವ ಸಣ್ಣ ಉದ್ಯಮಿಗಳು ಗಮನಿಸಬೇಕಾದ ಒಂದು ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಸಮಸ್ಯೆಯ ಸ್ವರೂಪ

ಉದಾಹರಣೆಗಾಗಿ ಎಂಟು ವಾಲ್ವ್‌ಗಳ ನಿಯಂತ್ರಕವೊಂದನ್ನು ಕಲ್ಪಿಸಿಕೊಳ್ಳೋಣ. ಪ್ರತಿ ವಾಲ್ವ್‌ಗೆ ಒಂದು ರಿಲೇ, ಅದನ್ನು ನಡೆಸುವ ಟ್ರಾನ್ಸಿಸ್ಟರ್, ಒಂದು ಡಯೋಡ್, ಮೈಕ್ರೊಕಂಟ್ರೋಲರನ್ನು ಪ್ರತ್ಯೇಕಿಸುವ ಆಪ್ಟೊಕಪ್ಲರ್, ಮೂರು ರೆಸಿಸ್ಟರ್, ಸೂಚಕ ದೀಪವಾಗಿ ಒಂದು ಎಲ್‌ಇಡಿ ಮತ್ತು ತಂತಿ ಜೋಡಿಸುವ ಒಂದು ಟರ್ಮಿನಲ್ ಬೇಕೆಂದಿರಲಿ. ಒಟ್ಟು ಒಂಬತ್ತು ಬಿಡಿಭಾಗಗಳು. ಎಂಟು ವಾಲ್ವ್‌ಗಳಿಗೆ 72 ಬಿಡಿಭಾಗಗಳಾದವು. ಆದರೆ ವಿನ್ಯಾಸಕಾರನು ನಿಜವಾಗಿ ಯೋಚಿಸಬೇಕಾದುದು ಒಂಬತ್ತು ಬಿಡಿಭಾಗಗಳ ಒಂದು ಬ್ಲಾಕಿನ ಬಗ್ಗೆ ಮಾತ್ರ, ಉಳಿದುದೆಲ್ಲ ಪುನರಾವರ್ತನೆ.

ಹಲವರು ಮೊದಲ ಬ್ಲಾಕನ್ನು ಬಿಡಿಸಿ, ಅದನ್ನು ಏಳು ಬಾರಿ ನಕಲು ಮಾಡಿ ಅಂಟಿಸುತ್ತಾರೆ. ಆ ದಿನದ ಮಟ್ಟಿಗೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಮುಂದೆ ಒಂದು ರೆಸಿಸ್ಟರಿನ ಬೆಲೆಯನ್ನು 4.7 ಕಿಲೊಓಮ್‌ನಿಂದ 2.2 ಕಿಲೊಓಮ್‌ಗೆ ಬದಲಿಸಬೇಕಾದಾಗ ಎಂಟು ಕಡೆ ತಿದ್ದಬೇಕು. ಒಂದು ಕಡೆ ಮರೆತರೂ ಆ ವಾಲ್ವ್ ಮಾತ್ರ ಒಮ್ಮೆ ತೆರೆದು ಒಮ್ಮೆ ತೆರೆಯದೆ ಕಾಡುತ್ತದೆ. ದೋಷ ಎಲ್ಲಿದೆಯೆಂದು ಹುಡುಕಲು ತೋಟಕ್ಕೆ ಎರಡು ಬಾರಿ ಹೋಗಿಬಂದರೆ ಆ ಪೆಟ್ಟಿಗೆಯ ಲಾಭ ಅಲ್ಲಿಗೇ ಮುಗಿಯಿತು.

ಶ್ರೇಣೀಕೃತ ನಕ್ಷೆ

ಇದಕ್ಕೆ ಪರಿಹಾರ ಶ್ರೇಣೀಕೃತ ನಕ್ಷೆ. ವಾಲ್ವ್ ಬ್ಲಾಕನ್ನು ಪ್ರತ್ಯೇಕ ಹಾಳೆಯಲ್ಲಿ ಒಮ್ಮೆ ಮಾತ್ರ ಬಿಡಿಸಬೇಕು. ಮುಖ್ಯ ಹಾಳೆಯಲ್ಲಿ ಆ ಹಾಳೆಯನ್ನು ಪ್ರತಿನಿಧಿಸುವ ಎಂಟು ಚೌಕಗಳನ್ನಿರಿಸಬೇಕು. ಒಳಗಿನ ಹಾಳೆಯಲ್ಲಿ ಮಾಡಿದ ಒಂದು ತಿದ್ದುಪಡಿ ಎಂಟು ಬ್ಲಾಕುಗಳಿಗೂ ತಾನಾಗಿಯೇ ಅನ್ವಯಿಸುತ್ತದೆ.

ಈ ಸೌಲಭ್ಯಕ್ಕೆ ದುಬಾರಿ ತಂತ್ರಾಂಶವೇ ಬೇಕೆಂದಿಲ್ಲ. ಫ್ರಾನ್ಸಿನ ಜಾನ್ ಪಿಯೆರ್ ಶರಾಸ್ ಅವರು 1992ರಲ್ಲಿ ಆರಂಭಿಸಿದ ಕೀಕ್ಯಾಡ್ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. 2013ರಿಂದ ಜಿನೀವಾದ ಸರ್ನ್ ಸಂಶೋಧನಾ ಸಂಸ್ಥೆಯೂ ಇದರ ಅಭಿವೃದ್ಧಿಗೆ ಕೈಜೋಡಿಸಿದೆ. ವಾಣಿಜ್ಯ ಉದ್ದೇಶಕ್ಕೆ ಇದನ್ನು ಬಳಸಲು ಯಾವುದೇ ಶುಲ್ಕವಿಲ್ಲ.

ಎಲ್ಲ ಬ್ಲಾಕುಗಳೂ ಒಂದೇ ಎಂದು ಭಾವಿಸುವುದೂ ಸರಿಯಲ್ಲ. ಪಂಪಿನ ಸ್ಟಾರ್ಟರ್ ನಡೆಸುವ ರಿಲೇಯ ಬದಿಗೆ 415 ವೋಲ್ಟ್ ಬರಬಹುದು. ಅಲ್ಲಿ ತಾಮ್ರದ ಹಾದಿಗಳ ನಡುವೆ ಹೆಚ್ಚಿನ ಅಂತರ ಬೇಕು. ಅದನ್ನು ವಾಲ್ವ್ ಬ್ಲಾಕಿನೊಳಗೆ ತುರುಕದೆ ಬೇರೆಯೇ ಹಾಳೆಯಲ್ಲಿ ಬಿಡಿಸುವುದು ಕ್ಷೇಮ.

ಹೆಸರು ತಪ್ಪಿದರೆ ತಂತಿ ತಪ್ಪಿದಂತೆ

ನಕ್ಷೆಯಲ್ಲಿ ಎರಡು ಬಿಂದುಗಳಿಗೆ ಒಂದೇ ಹೆಸರಿಟ್ಟರೆ, ನಡುವೆ ಗೆರೆ ಎಳೆಯದಿದ್ದರೂ ತಂತ್ರಾಂಶವು ಅವುಗಳನ್ನು ಜೋಡಿಸುತ್ತದೆ. ಆದುದರಿಂದ ಇಲ್ಲಿ ಹೆಸರೆಂಬುದು ಬರಿಯ ಗುರುತಲ್ಲ; ಅದೇ ತಂತಿ. ಕೀಕ್ಯಾಡ್‌ನಲ್ಲಿ ಹೆಸರುಗಳು ಮೂರು ಬಗೆ. ಸ್ಥಳೀಯ ಹೆಸರು ತನ್ನ ಹಾಳೆಯೊಳಗೆ ಮಾತ್ರ ಸಲ್ಲುತ್ತದೆ. ಶ್ರೇಣಿಯ ಹೆಸರು ಒಳಹಾಳೆಯ ಸಂಕೇತವನ್ನು ಮುಖ್ಯ ಹಾಳೆಯ ಚೌಕದ ಅಂಚಿಗೆ ತಂದು ನಿಲ್ಲಿಸುತ್ತದೆ. ಸಾರ್ವತ್ರಿಕ ಹೆಸರು ಎಲ್ಲ ಹಾಳೆಗಳಲ್ಲಿಯೂ ಒಂದೇ.

ಅತಿ ದೊಡ್ಡ ಅಪಾಯವಿರುವುದು ಈ ಮೂರನೆಯದರಲ್ಲಿ. ವಾಲ್ವ್ ಬ್ಲಾಕಿನೊಳಗೆ ಆಜ್ಞಾ ಸಂಕೇತಕ್ಕೆ 'ರಿಲೇ_ಆನ್' ಎಂಬ ಸಾರ್ವತ್ರಿಕ ಹೆಸರನ್ನಿಟ್ಟರೆ, ಎಂಟು ಬ್ಲಾಕುಗಳ ಆಜ್ಞೆಗಳೂ ಪರಸ್ಪರ ಕೂಡಿಕೊಳ್ಳುತ್ತವೆ. ಆಗ ಒಂದು ವಾಲ್ವ್ ತೆರೆಯೆಂದರೆ ಎಂಟೂ ತೆರೆದುಕೊಳ್ಳುತ್ತವೆ. ನೀರಿನ ಒತ್ತಡ ಕುಸಿದು ಮೇಲಿನ ಸಾಲುಗಳ ಸ್ಪ್ರಿಂಕ್ಲರ್‌ಗಳು ತಿರುಗುವುದೇ ಇಲ್ಲ. ಹರಿವು ಹೆಚ್ಚಿದಂತೆ ಸೆಂಟ್ರಿಫ್ಯೂಗಲ್ ಪಂಪಿನ ಮೋಟಾರು ಹೆಚ್ಚು ಕರೆಂಟನ್ನು ಎಳೆಯುತ್ತದೆ. ಓವರ್‌ಲೋಡ್ ರಿಲೇ ಸರಿಯಾಗಿಲ್ಲದಿದ್ದರೆ ಮೋಟಾರಿನ ಕಾಯಿಲ್ ಸುಡುವವರೆಗೂ ವಿಷಯ ಹೋಗಬಹುದು. ನಕ್ಷೆಯಲ್ಲಿನ ಒಂದು ಹೆಸರಿಗೆ ಕೃಷಿಕರು ತೆರುವ ಬೆಲೆ ಇದು.

ಪುನರಾವರ್ತಿಸುವ ಬ್ಲಾಕಿನೊಳಗೆ ವಿದ್ಯುತ್ ಪೂರೈಕೆಯ ಹೊರತು ಬೇರಾವ ಸಾರ್ವತ್ರಿಕ ಹೆಸರೂ ಇರಕೂಡದೆಂಬುದನ್ನು ನಿಯಮವಾಗಿಸಿಕೊಳ್ಳಿ. ಒಳಹಾಳೆಯಲ್ಲಿ ಸಂಕೇತದ ಹೆಸರು 'ಆಜ್ಞೆ' ಎಂದಷ್ಟೇ ಇರಲಿ; ಮುಖ್ಯ ಹಾಳೆಯಲ್ಲಿ ಅದು 'ವಾಲ್ವ್1'ರಿಂದ 'ವಾಲ್ವ್8'ರವರೆಗಿನ ಒಂದೊಂದು ತಂತಿಗೆ ಸೇರಲಿ. ಈ ಎಂಟು ತಂತಿಗಳನ್ನು 'ವಾಲ್ವ್[1..8]' ಎಂಬ ಒಂದೇ ಕಟ್ಟಾಗಿ, ಅಂದರೆ ಬಸ್ ಆಗಿ, ಒಯ್ದರೆ ನಕ್ಷೆ ಸ್ವಚ್ಛವಾಗಿ ಕಾಣುತ್ತದೆ.

ವಿದ್ಯುತ್ ಪೂರೈಕೆಯ ಹೆಸರುಗಳಲ್ಲಿಯೂ ಎಚ್ಚರ ಅಗತ್ಯ. ಮೈಕ್ರೊಕಂಟ್ರೋಲರಿನ 5 ವೋಲ್ಟ್ ಬದಿಯ ಗ್ರೌಂಡಿಗೂ ರಿಲೇಗಳ 12 ವೋಲ್ಟ್ ಬದಿಯ ಗ್ರೌಂಡಿಗೂ 'ಗ್ರೌಂಡ್' ಎಂಬ ಒಂದೇ ಹೆಸರಿಟ್ಟರೆ ಎರಡೂ ಒಂದಾಗುತ್ತವೆ. ಆಗ ಎಂಟು ಆಪ್ಟೊಕಪ್ಲರ್‌ಗಳಿಗೆ ತೆತ್ತ ಹಣ ವ್ಯರ್ಥ. ಇವಕ್ಕೆ 'ಗ್ರೌಂಡ್_ಲಾಜಿಕ್', 'ಗ್ರೌಂಡ್_ರಿಲೇ' ಎಂಬಂತಹ ಭಿನ್ನ ಹೆಸರುಗಳಿರಲಿ.

ಬಿಡಿಭಾಗಗಳ ಸಂಖ್ಯೆ

ಪ್ರತಿ ಬ್ಲಾಕಿಗೆ ನೂರರ ಒಂದು ಸಾಲನ್ನು ಕೊಡುವುದು ಉಪಯುಕ್ತ ಕ್ರಮ. ಮೊದಲ ವಾಲ್ವ್‌ನ ರಿಲೇ ಕೆ101, ಐದನೆಯದರ ರಿಲೇ ಕೆ501. ಅಂತೆಯೇ ರೆಸಿಸ್ಟರುಗಳು ಆರ್101, ಆರ್501. ಬೋರ್ಡಿನ ಮೇಲೆ ಈ ಅಕ್ಷರಗಳನ್ನು ಮುದ್ರಿಸಿದ್ದರೆ, "ಐದನೆಯ ವಾಲ್ವ್ ತೆರೆಯುತ್ತಿಲ್ಲ" ಎಂದು ಗ್ರಾಹಕರು ಫೋನಿನಲ್ಲಿ ಹೇಳಿದೊಡನೆ, ನಕ್ಷೆಯನ್ನೇ ಕಾಣದ ರಿಪೇರಿಯವನಿಗೂ ಐನೂರರ ಸಾಲಿನ ಬಿಡಿಭಾಗಗಳನ್ನು ನೋಡಬೇಕೆಂದು ತಿಳಿಸಬಹುದು. ಖರೀದಿ ಪಟ್ಟಿಯೂ ಸರಳವಾಗುತ್ತದೆ: ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೆ ಹೋಗುವವನು ಒಂದು ಬ್ಲಾಕಿನ ಪಟ್ಟಿಯನ್ನು ಎಂಟರಿಂದ ಗುಣಿಸಿ ತಾಳೆ ನೋಡಿದರೆ ಸಾಕು.

ಬೋರ್ಡ್ ಮುದ್ರಣಕ್ಕೆ ಕಳುಹಿಸುವ ಮುನ್ನ

ತಂತ್ರಾಂಶದ ವಿದ್ಯುತ್ ನಿಯಮ ಪರೀಕ್ಷೆಯನ್ನು ತಪ್ಪದೆ ನಡೆಸಿರಿ. ಜೋಡಣೆಯಾಗದ ಪಿನ್ನುಗಳನ್ನು ಅದು ತೋರಿಸಿಕೊಡುತ್ತದೆ. ಆದರೆ ಅದು ನೋಡುವುದು ಜೋಡಣೆಯನ್ನು, ನಿಮ್ಮ ಉದ್ದೇಶವನ್ನಲ್ಲ. ಎರಡು ಗ್ರೌಂಡುಗಳು ಕೂಡಿದ್ದರೆ ಅದಕ್ಕೆ ತಪ್ಪೇನೂ ಕಾಣದು. ಆದುದರಿಂದ ಸಂಕೇತಗಳ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ, ಪ್ರತಿಯೊಂದು ಹೆಸರಿಗೂ ಎಷ್ಟು ಪಿನ್ನುಗಳು ಸೇರಿವೆಯೆಂದು ಎಣಿಸಿರಿ. ಒಂದೇ ಪಿನ್ನು ಇರುವ ಹೆಸರು ಬಹುಶಃ ಕಾಗುಣಿತದ ತಪ್ಪು: 'ವಾಲ್ವ್3' ಮತ್ತು 'ವಾಲ್ವ್_3' ತಂತ್ರಾಂಶಕ್ಕೆ ಬೇರೆ ಬೇರೆ. ಇರಬೇಕಾದುದಕ್ಕಿಂತ ಎಂಟು ಪಟ್ಟು ಪಿನ್ನುಗಳಿರುವ ಆಜ್ಞೆಯ ಹೆಸರು ಬಹುಶಃ ಸಾರ್ವತ್ರಿಕವಾಗಿಬಿಟ್ಟಿದೆ. ಮೊದಲಿಗೆ ಕೆಲವೇ ಮಾದರಿ ಬೋರ್ಡುಗಳನ್ನು ತರಿಸಿ, ಬಿಡಿಭಾಗ ಬೆಸೆಯುವ ಮೊದಲು ಎರಡು ಗ್ರೌಂಡುಗಳ ನಡುವೆ ಮಲ್ಟಿಮೀಟರ್ ಹಿಡಿದು ನೋಡಿರಿ.

ವಿನ್ಯಾಸವನ್ನು ಹೊರಗಿನವರಿಂದ ಮಾಡಿಸುವ ಸದಸ್ಯರಿಗೆ ಇನ್ನೊಂದು ಮಾತು. ಮುದ್ರಣಕ್ಕೆ ಬೇಕಾದ ಗರ್ಬರ್ ಕಡತಗಳನ್ನಷ್ಟೇ ಪಡೆದು ಹಣ ಪಾವತಿಸಬೇಡಿರಿ. ಮೂಲ ನಕ್ಷೆ, ಬಿಡಿಭಾಗಗಳ ಪಟ್ಟಿ ಮತ್ತು ಹೆಸರುಗಳ ನಿಯಮವನ್ನು ಬರೆದ ಒಂದು ಪುಟ, ಇಷ್ಟನ್ನೂ ಒಪ್ಪಂದದಲ್ಲಿಯೇ ಸೇರಿಸಿರಿ. ನಾಳೆ ಎಂಟರ ಬದಲು ಹನ್ನೆರಡು ವಾಲ್ವ್ ಬೇಕೆಂದು ಗ್ರಾಹಕರು ಕೇಳಿದಾಗ, ಇವು ಕೈಯಲ್ಲಿದ್ದವರು ಮುಖ್ಯ ಹಾಳೆಗೆ ನಾಲ್ಕು ಚೌಕ ಸೇರಿಸಿ ಮುಂದುವರಿಯಬಹುದು. ಇಲ್ಲದವರು ಮೊದಲಿನಿಂದ ಆರಂಭಿಸಬೇಕಾದೀತು.