ಬ್ರಿಟಾನಿಯಾ ಇಂಡಸ್ಟ್ರೀಸ್‌ನ ತ್ರೈಮಾಸಿಕ ಹಣಕಾಸು ಫಲಿತಾಂಶಗಳು

ಬ್ರಿಟಾನಿಯಾ ಇಂಡಸ್ಟ್ರೀಸ್ ಬಿಸ್ಕತ್ತು, ಬ್ರೆಡ್ಡು, ಕೇಕು, ರಸ್ಕು ಹಾಗೂ ಹಾಲಿನ ಉತ್ಪನ್ನಗಳನ್ನು ತಯಾರಿಸುವ ಭಾರತದ ದೊಡ್ಡ ಆಹಾರ ಕಂಪನಿಗಳಲ್ಲಿ ಒಂದು. ಈ ಕಂಪನಿಯು ಮೂರು ತಿಂಗಳಿಗೊಮ್ಮೆ ತನ್ನ ವರಮಾನ, ವೆಚ್ಚ ಮತ್ತು ಲಾಭಗಳ ಲೆಕ್ಕವನ್ನು ಷೇರುದಾರರಿಗೂ ಸಾರ್ವಜನಿಕರಿಗೂ ಪ್ರಕಟಿಸುತ್ತದೆ. ಈ ಲೆಕ್ಕಪತ್ರಗಳನ್ನು ತ್ರೈಮಾಸಿಕ ಹಣಕಾಸು ಫಲಿತಾಂಶಗಳು ಎಂದು ಕರೆಯುತ್ತಾರೆ. ಕಂಪನಿಯ ನೋಂದಾಯಿತ ಕಚೇರಿ ಕೋಲ್ಕತ್ತದಲ್ಲಿದ್ದು, ಕಾರ್ಯನಿರ್ವಾಹಕ ಕಚೇರಿ ಬೆಂಗಳೂರಿನಲ್ಲಿದೆ. ಪತ್ರಿಕೆಗಳ ಶೀರ್ಷಿಕೆಗಳಲ್ಲಿ ನಿವ್ವಳ ಲಾಭದ ಏರಿಕೆ ಅಥವಾ ಇಳಿಕೆಯಷ್ಟೇ ಎದ್ದು ಕಾಣುತ್ತದೆ. ಆದರೆ ಆ ಒಂದು ಅಂಕಿಯಿಂದಲೇ ವ್ಯಾಪಾರದ ಸ್ಥಿತಿಯನ್ನು ತಿಳಿಯಲಾಗದು ಎಂಬುದಕ್ಕೆ ಈ ಕಂಪನಿಯ ಕೆಲವು ತ್ರೈಮಾಸಿಕಗಳೇ ನಿದರ್ಶನಗಳಾಗಿವೆ.

ಹಿನ್ನೆಲೆ

ಕಂಪನಿಯ ಮೂಲ 1892ರಲ್ಲಿ ಕಲ್ಕತ್ತೆಯಲ್ಲಿ 295 ರೂಪಾಯಿ ಬಂಡವಾಳದೊಡನೆ ಆರಂಭವಾದ ಒಂದು ಸಣ್ಣ ಬಿಸ್ಕತ್ತು ತಯಾರಿಕಾ ಘಟಕ. 1918ರಲ್ಲಿ ಅದು ಬ್ರಿಟಾನಿಯಾ ಬಿಸ್ಕತ್ತು ಕಂಪನಿ ಎಂಬ ಹೆಸರಿನಲ್ಲಿ ನೋಂದಣಿಯಾಯಿತು. 1979ರಲ್ಲಿ ಬ್ರಿಟಾನಿಯಾ ಇಂಡಸ್ಟ್ರೀಸ್ ಎಂಬ ಈಗಿನ ಹೆಸರನ್ನು ಪಡೆಯಿತು. ವಾಡಿಯಾ ಸಮೂಹಕ್ಕೆ ಸೇರಿದ ಈ ಕಂಪನಿಯ ಗುಡ್ ಡೇ, ಮಾರಿ ಗೋಲ್ಡ್, ಟೈಗರ್, ಮಿಲ್ಕ್ ಬಿಕೀಸ್, ನ್ಯೂಟ್ರಿಚಾಯ್ಸ್ ಮೊದಲಾದ ಉತ್ಪನ್ನಗಳು ಹಳ್ಳಿ ಪಟ್ಟಣಗಳೆನ್ನದೆ ಎಲ್ಲೆಡೆ ಪರಿಚಿತವಾಗಿವೆ. ಕಂಪನಿಯ ಷೇರುಗಳು ಮುಂಬಯಿ ಷೇರು ವಿನಿಮಯ ಕೇಂದ್ರ ಹಾಗೂ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರಗಳಲ್ಲಿ ವಹಿವಾಟಾಗುತ್ತವೆ.

ಪ್ರಕಟಣೆಯ ನಿಯಮಗಳು

ಭಾರತದಲ್ಲಿ ಹಣಕಾಸು ವರ್ಷವು ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಇರುತ್ತದೆ. ಇದನ್ನು ಏಪ್ರಿಲ್–ಜೂನ್, ಜುಲೈ–ಸೆಪ್ಟೆಂಬರ್, ಅಕ್ಟೋಬರ್–ಡಿಸೆಂಬರ್ ಮತ್ತು ಜನವರಿ–ಮಾರ್ಚ್ ಎಂದು ನಾಲ್ಕು ತ್ರೈಮಾಸಿಕಗಳಾಗಿ ವಿಂಗಡಿಸಲಾಗುತ್ತದೆ. ಭಾರತೀಯ ಷೇರುಪೇಟೆ ನಿಯಂತ್ರಣ ಮಂಡಳಿಯು (ಸೆಬಿ) 2015ರಲ್ಲಿ ರೂಪಿಸಿದ ನಿಯಮಾವಳಿಯಂತೆ, ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯು ತ್ರೈಮಾಸಿಕ ಮುಗಿದ 45 ದಿನಗಳೊಳಗೆ ಫಲಿತಾಂಶವನ್ನು ಸಲ್ಲಿಸಬೇಕು. ಇಡೀ ವರ್ಷದ ಲೆಕ್ಕ ಪರಿಶೋಧಿತ ಫಲಿತಾಂಶಕ್ಕೆ 60 ದಿನಗಳ ಅವಕಾಶವಿದೆ.

ಮೊದಲ ಮೂರು ತ್ರೈಮಾಸಿಕಗಳ ಲೆಕ್ಕವನ್ನು ಲೆಕ್ಕಪರಿಶೋಧಕರು ಸಾಮಾನ್ಯವಾಗಿ ಸೀಮಿತ ಪರಿಶೀಲನೆಗೆ ಒಳಪಡಿಸುತ್ತಾರೆ. ಇದು ಪೂರ್ಣ ಪ್ರಮಾಣದ ಲೆಕ್ಕ ಪರಿಶೋಧನೆಯಲ್ಲ. ಆಡಳಿತ ಮಂಡಳಿಯು ಫಲಿತಾಂಶಕ್ಕೆ ಒಪ್ಪಿಗೆ ನೀಡಿದ ಮೇಲೆ, ಸಭೆ ಮುಗಿದ 30 ನಿಮಿಷಗಳೊಳಗೆ ಅದನ್ನು ಷೇರು ವಿನಿಮಯ ಕೇಂದ್ರಗಳಿಗೆ ತಿಳಿಸಬೇಕು. ವಹಿವಾಟಿನ ವೇಳೆ ಕಳೆದ ನಂತರ ಸಭೆ ಮುಗಿದರೆ 3 ಗಂಟೆಗಳ ಕಾಲಾವಕಾಶವಿದೆ. ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಪ್ರಕಟವಾದ 48 ಗಂಟೆಗಳವರೆಗೆ, ಒಳಗಿನ ಮಾಹಿತಿ ಬಲ್ಲ ಅಧಿಕಾರಿಗಳು ಕಂಪನಿಯ ಷೇರುಗಳನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಸಾಮಾನ್ಯ ಹೂಡಿಕೆದಾರನಿಗಿಂತ ಮೊದಲೇ ಮಾಹಿತಿ ಪಡೆದವರು ಅದರ ಲಾಭ ಪಡೆಯದಿರಲಿ ಎಂಬುದು ಈ ನಿರ್ಬಂಧದ ಉದ್ದೇಶ.

ಫಲಿತಾಂಶದ ಕುರಿತ ಪ್ರಕಟಣೆಯು ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿಯೂ, ನೋಂದಾಯಿತ ಕಚೇರಿ ಇರುವ ಪ್ರದೇಶದ ಭಾಷೆಯ ಒಂದು ದಿನಪತ್ರಿಕೆಯಲ್ಲಿಯೂ ಬರಬೇಕೆಂಬ ನಿಯಮವಿದೆ. ಕರ್ನಾಟಕದಲ್ಲಿ ನೋಂದಾಯಿತ ಕಚೇರಿ ಹೊಂದಿರುವ ಕಂಪನಿಗಳ ಫಲಿತಾಂಶಗಳು ಕನ್ನಡ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಇದರಿಂದಲೇ. ಬ್ರಿಟಾನಿಯಾದ ಆಡಳಿತ ಬೆಂಗಳೂರಿನಿಂದ ನಡೆದರೂ ಅದರ ನೋಂದಾಯಿತ ಕಚೇರಿ ಕೋಲ್ಕತ್ತದಲ್ಲಿರುವುದರಿಂದ, ಈ ನಿಯಮದ ಪ್ರಕಾರ ಅದಕ್ಕೆ ಪ್ರಾದೇಶಿಕ ಭಾಷೆ ಬಂಗಾಳಿ.

ಫಲಿತಾಂಶ ಪಟ್ಟಿಯ ಮುಖ್ಯ ಬಾಬುಗಳು

ಫಲಿತಾಂಶವನ್ನು ಎರಡು ಬಗೆಯಲ್ಲಿ ನೀಡಲಾಗುತ್ತದೆ. ಕಂಪನಿಯೊಂದರದೇ ಲೆಕ್ಕವು ಪ್ರತ್ಯೇಕ ಫಲಿತಾಂಶ. ಅಂಗಸಂಸ್ಥೆಗಳ ಲೆಕ್ಕವನ್ನೂ ಕೂಡಿಸಿದ್ದು ಕ್ರೋಡೀಕೃತ ಫಲಿತಾಂಶ. ಈ ಲೇಖನದಲ್ಲಿ ಕೊಟ್ಟಿರುವ ಅಂಕಿಗಳು ಕ್ರೋಡೀಕೃತ ಫಲಿತಾಂಶದವು.

ವರಮಾನ: ಸರಕುಗಳ ಮಾರಾಟದಿಂದ ಬಂದ ಹಣ. ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ) ಇದರಲ್ಲಿ ಸೇರುವುದಿಲ್ಲ. ಕಂಪನಿಯು ವಿತರಕನಿಗೆ ಸರಕು ಮಾರಿದಾಗಲೇ ವರಮಾನ ಲೆಕ್ಕಕ್ಕೆ ಬರುತ್ತದೆ. ಕೊಪ್ಪಳ ಜಿಲ್ಲೆಯ ಹುಲಿಹೈದರದಂಥ ಊರಿನ ಕಿರಾಣಿ ಅಂಗಡಿಯಲ್ಲಿ ಆ ಬಿಸ್ಕತ್ತಿನ ಪೊಟ್ಟಣ ಇನ್ನೂ ಮಾರಾಟವಾಗದೆ ಉಳಿದಿದ್ದರೂ ಕಂಪನಿಯ ಪಟ್ಟಿಯಲ್ಲಿ ಅದು ಮಾರಾಟವಾದ ಸರಕೇ ಆಗಿರುತ್ತದೆ.

ಕಚ್ಚಾ ಸಾಮಗ್ರಿಯ ವೆಚ್ಚ: ಗೋಧಿ ಹಿಟ್ಟು, ತಾಳೆ ಎಣ್ಣೆ, ಸಕ್ಕರೆ, ಹಾಲಿನ ಪದಾರ್ಥಗಳು, ಕೋಕೋ ಹಾಗೂ ಹೊದಿಕೆಯ ಸಾಮಗ್ರಿಗಳ ಖರ್ಚು. ಬಿಸ್ಕತ್ತು ಕಂಪನಿಯ ವೆಚ್ಚಗಳಲ್ಲಿ ಇದೇ ದೊಡ್ಡದು.

ಇತರ ವೆಚ್ಚಗಳು: ನೌಕರರ ವೇತನ, ಸಾಗಾಣಿಕೆ, ಜಾಹೀರಾತು, ಸಾಲದ ಬಡ್ಡಿ, ಯಂತ್ರೋಪಕರಣಗಳ ಸವಕಳಿ ಇತ್ಯಾದಿ.

ಅಸಾಧಾರಣ ಬಾಬು: ನಿತ್ಯದ ವ್ಯಾಪಾರಕ್ಕೆ ಸೇರದ, ಒಂದು ಬಾರಿಗೆ ಮಾತ್ರ ಉಂಟಾಗುವ ಲಾಭ ಅಥವಾ ನಷ್ಟ.

ನಿವ್ವಳ ಲಾಭ: ಎಲ್ಲ ವೆಚ್ಚ ಮತ್ತು ಆದಾಯ ತೆರಿಗೆಯನ್ನು ಕಳೆದ ಬಳಿಕ ಉಳಿಯುವ ಮೊತ್ತ. ಇದನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿದರೆ ಪ್ರತಿ ಷೇರಿನ ಗಳಿಕೆ ದೊರೆಯುತ್ತದೆ.

2024–25ನೇ ಸಾಲಿನ ಫಲಿತಾಂಶ

ಈ ವರ್ಷದ ನಾಲ್ಕು ತ್ರೈಮಾಸಿಕಗಳ ಅಂಕಿಗಳು ಸರಿಸುಮಾರಾಗಿ ಹೀಗಿವೆ:

ಏಪ್ರಿಲ್–ಜೂನ್ 2024: ವರಮಾನ 4,250 ಕೋಟಿ ರೂ., ನಿವ್ವಳ ಲಾಭ 505 ಕೋಟಿ ರೂ.
ಜುಲೈ–ಸೆಪ್ಟೆಂಬರ್ 2024: ವರಮಾನ 4,668 ಕೋಟಿ ರೂ., ನಿವ್ವಳ ಲಾಭ 532 ಕೋಟಿ ರೂ.
ಅಕ್ಟೋಬರ್–ಡಿಸೆಂಬರ್ 2024: ವರಮಾನ 4,593 ಕೋಟಿ ರೂ., ನಿವ್ವಳ ಲಾಭ 582 ಕೋಟಿ ರೂ.
ಜನವರಿ–ಮಾರ್ಚ್ 2025: ವರಮಾನ 4,432 ಕೋಟಿ ರೂ., ನಿವ್ವಳ ಲಾಭ 559 ಕೋಟಿ ರೂ.

ಇಡೀ ವರ್ಷದ ವರಮಾನ ಸುಮಾರು 17,943 ಕೋಟಿ ರೂಪಾಯಿ, ನಿವ್ವಳ ಲಾಭ ಸುಮಾರು 2,178 ಕೋಟಿ ರೂಪಾಯಿ. ಅಂದರೆ ನೂರು ರೂಪಾಯಿ ವರಮಾನಕ್ಕೆ ಹನ್ನೆರಡು ರೂಪಾಯಿಯಷ್ಟು ಲಾಭ ಉಳಿದಂತಾಯಿತು. ಪ್ರತಿ ಷೇರಿನ ಗಳಿಕೆ ಸುಮಾರು 90 ರೂಪಾಯಿ ಆಗಿದ್ದು, ಅದರಲ್ಲಿ 75 ರೂಪಾಯಿಯನ್ನು ಲಾಭಾಂಶವಾಗಿ ಷೇರುದಾರರಿಗೆ ಹಂಚಲಾಯಿತು.

ಜುಲೈ–ಸೆಪ್ಟೆಂಬರ್ ಅವಧಿಯ ವರಮಾನವು ಹಿಂದಿನ ವರ್ಷದ ಅದೇ ಅವಧಿಗಿಂತ ಶೇ. 5ರಷ್ಟು ಹೆಚ್ಚಿದರೂ ಲಾಭವು ಶೇ. 9ಕ್ಕೂ ಹೆಚ್ಚು ಕುಸಿದಿತ್ತು. ಮಾರಾಟ ಏರಿದರೆ ಲಾಭವೂ ಏರಲೇಬೇಕೆಂಬ ನಿಯಮವಿಲ್ಲ. ಮಾರಾಟಕ್ಕಿಂತ ವೇಗವಾಗಿ ವೆಚ್ಚ ಬೆಳೆದರೆ ಲಾಭ ಇಳಿಯುತ್ತದೆ.

ಹೋಲಿಕೆಯ ತೊಡಕುಗಳು

ಹಬ್ಬ, ಹವಾಮಾನ ಹಾಗೂ ಶಾಲಾ ರಜೆಗಳಿಗೆ ತಕ್ಕಂತೆ ಆಹಾರ ಪದಾರ್ಥಗಳ ಮಾರಾಟ ಏರಿಳಿಯುತ್ತದೆ. ಆದ್ದರಿಂದ ಒಂದು ತ್ರೈಮಾಸಿಕವನ್ನು ಅದರ ಹಿಂದಿನದಕ್ಕಿಂತ, ಹಿಂದಿನ ವರ್ಷದ ಅದೇ ತ್ರೈಮಾಸಿಕದೊಡನೆ ಹೋಲಿಸುವುದು ರೂಢಿ. ಹೋಲಿಕೆಗೆ ಆಧಾರವಾದ ಅವಧಿಯೇ ಅಸಹಜವಾಗಿದ್ದರೆ ಈ ಕ್ರಮವೂ ದಾರಿ ತಪ್ಪಿಸಬಲ್ಲದು.

ಕೋವಿಡ್ ದಿಗ್ಬಂಧನದ ಏಪ್ರಿಲ್–ಜೂನ್ 2020ರಲ್ಲಿ ಹೋಟೆಲುಗಳು ಮುಚ್ಚಿದ್ದವು. ಮನೆಯಲ್ಲಿಯೇ ಉಳಿದ ಜನ ಪೊಟ್ಟಣದ ತಿನಿಸುಗಳನ್ನು ಹೆಚ್ಚಾಗಿ ಕೊಂಡರು. ಕಂಪನಿಯ ವರಮಾನ ಸುಮಾರು ಶೇ. 27ರಷ್ಟು ಏರಿ 3,421 ಕೋಟಿ ರೂಪಾಯಿ ತಲುಪಿತು. ಒಂದು ವರ್ಷ ಮೊದಲು 249 ಕೋಟಿ ರೂಪಾಯಿ ಇದ್ದ ಲಾಭ 540 ಕೋಟಿ ದಾಟಿತು. ಮರುವರ್ಷ, ಅಂದರೆ ಏಪ್ರಿಲ್–ಜೂನ್ 2021ರಲ್ಲಿ ಲಾಭ 387 ಕೋಟಿ ರೂಪಾಯಿಗೆ ಇಳಿಯಿತು. ಒಂದು ವರ್ಷದ ಹೋಲಿಕೆಯಲ್ಲಿ ಇದು ಶೇ. 28ಕ್ಕೂ ಮೀರಿದ ಕುಸಿತ. ಎರಡು ವರ್ಷದ ಹೋಲಿಕೆಯಲ್ಲಿ ಒಂದೂವರೆ ಪಟ್ಟು ಏರಿಕೆ.

ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಅಕ್ಟೋಬರ್–ಡಿಸೆಂಬರ್ 2022ರದು. ಆ ಅವಧಿಯಲ್ಲಿ ಬ್ರಿಟಾನಿಯಾವು ತನ್ನ ಹೈನು ಉತ್ಪನ್ನಗಳ ಅಂಗಸಂಸ್ಥೆಯ ಶೇ. 49 ಪಾಲನ್ನು ಫ್ರಾನ್ಸಿನ ಚೀಸ್ ತಯಾರಕ ಬೆಲ್ ಕಂಪನಿಗೆ ಮಾರಿತು. ಈ ವ್ಯವಹಾರದಿಂದ ಸುಮಾರು 376 ಕೋಟಿ ರೂಪಾಯಿ ಅಸಾಧಾರಣ ಲಾಭವು ಲೆಕ್ಕಕ್ಕೆ ಸೇರಿತು. ನಿವ್ವಳ ಲಾಭ 932 ಕೋಟಿ ರೂಪಾಯಿಗೆ ಜಿಗಿದು, ಹಿಂದಿನ ವರ್ಷದ ಎರಡೂವರೆ ಪಟ್ಟಿನಷ್ಟಾಯಿತು. ಮರುವರ್ಷ ಇದೇ ಅವಧಿಯ ಲಾಭ 556 ಕೋಟಿ ರೂಪಾಯಿ ಆದಾಗ, ಲಾಭ ಶೇ. 40ರಷ್ಟು ಕುಸಿಯಿತೆಂಬ ಶೀರ್ಷಿಕೆಗಳು ಬಂದವು. ತೆರಿಗೆಯ ಪರಿಣಾಮವನ್ನು ಬದಿಗಿಟ್ಟು 932ರಿಂದ 376ನ್ನು ಕಳೆದರೆ ಉಳಿಯುವುದು 556. ಬಿಸ್ಕತ್ತಿನ ವ್ಯಾಪಾರದ ಲಾಭ ಎರಡೂ ವರ್ಷ ಹೆಚ್ಚುಕಡಿಮೆ ಅಷ್ಟೇ ಇತ್ತು. ಮೊದಲ ವರ್ಷದ ಜಿಗಿತವಾಗಲಿ, ಎರಡನೆಯ ವರ್ಷದ ಕುಸಿತವಾಗಲಿ ಕಾರ್ಖಾನೆಯಲ್ಲಿ ನಡೆದುದಲ್ಲ.

ಬೆಲೆ, ತೂಕ ಮತ್ತು ಸರ್ಕಾರದ ನೀತಿ

ಐದು ಹಾಗೂ ಹತ್ತು ರೂಪಾಯಿಯ ಪೊಟ್ಟಣಗಳು ಬಿಸ್ಕತ್ತು ಮಾರುಕಟ್ಟೆಯ ಆಧಾರ. ಕಚ್ಚಾ ಸಾಮಗ್ರಿಗಳು ತುಟ್ಟಿಯಾದಾಗ ಐದು ರೂಪಾಯಿಯ ಪೊಟ್ಟಣವನ್ನು ಐದೂವರೆ ರೂಪಾಯಿಗೆ ಮಾರಲು ಚಿಲ್ಲರೆಯ ತೊಂದರೆ ಅಡ್ಡಬರುತ್ತದೆ. ಆದ್ದರಿಂದ ತಯಾರಕರು ಬೆಲೆಯನ್ನು ಹಾಗೆಯೇ ಉಳಿಸಿ ತೂಕವನ್ನು ಕಡಿಮೆ ಮಾಡುವುದುಂಟು. ಹೀಗಾಗಿ ವರಮಾನ ಹೆಚ್ಚಿದ್ದರೂ ಜನರು ಕೊಂಡ ಬಿಸ್ಕತ್ತಿನ ತೂಕ ಅಷ್ಟೇ ಹೆಚ್ಚಿದೆ ಎನ್ನಲಾಗದು. ಮಾರಾಟದ ಪ್ರಮಾಣದಲ್ಲಿ ಆದ ಬೆಳವಣಿಗೆಯನ್ನೂ ಮೌಲ್ಯದಲ್ಲಿ ಆದ ಬೆಳವಣಿಗೆಯನ್ನೂ ವಿಶ್ಲೇಷಕರು ಬೇರೆ ಬೇರೆಯಾಗಿ ಕೇಳುವುದು ಇದೇ ಕಾರಣಕ್ಕೆ.

ದೂರದ ನಿರ್ಧಾರಗಳೂ ಈ ಲೆಕ್ಕವನ್ನು ತಟ್ಟುತ್ತವೆ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನು ಕೆಲವು ವಾರ ನಿಲ್ಲಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಭಾರತವು ಗೋಧಿಯ ರಫ್ತನ್ನು ನಿಷೇಧಿಸಿತು. 2024ರ ಸೆಪ್ಟೆಂಬರಿನಲ್ಲಿ ಎಣ್ಣೆಬೀಜ ಬೆಳೆಗಾರರ ಹಿತಕ್ಕಾಗಿ ಕೇಂದ್ರ ಸರ್ಕಾರವು ಕಚ್ಚಾ ತಾಳೆ ಎಣ್ಣೆಯ ಮೇಲಿನ ಒಟ್ಟು ಆಮದು ಸುಂಕವನ್ನು ಶೇ. 5.5ರಿಂದ ಶೇ. 27.5ಕ್ಕೆ ಏರಿಸಿತು. ರೈತನಿಗೆ ಅನುಕೂಲವಾದ ಇಂಥ ಕ್ರಮವೇ ಬಿಸ್ಕತ್ತು ತಯಾರಕನಿಗೆ ವೆಚ್ಚವಾಗಿ ಪರಿಣಮಿಸುತ್ತದೆ.

2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತಿನ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ತೆರಿಗೆ ಇಳಿಯುವುದೆಂದು ಮೊದಲೇ ತಿಳಿದಾಗ ವ್ಯಾಪಾರಿಗಳು ಹಳೆಯ ದರದ ಸರಕನ್ನು ಕೊಳ್ಳಲು ಹಿಂಜರಿಯುವುದು ಸಹಜ. ಜುಲೈ–ಸೆಪ್ಟೆಂಬರ್ 2025ರಲ್ಲಿ ಬ್ರಿಟಾನಿಯಾದ ವರಮಾನ ಶೇ. 4ರಷ್ಟೂ ಬೆಳೆಯಲಿಲ್ಲ, ಆದರೆ ನಿವ್ವಳ ಲಾಭ ಸುಮಾರು ಶೇ. 23ರಷ್ಟು ಏರಿತು. ಹಿಂದಿನ ವರ್ಷದ ಇದೇ ಅವಧಿಯ ಲಾಭ ತಗ್ಗಿತ್ತೆಂಬುದನ್ನೂ ಈ ಏರಿಕೆಯ ಜೊತೆಗೆ ನೆನೆಯಬೇಕಾಗುತ್ತದೆ.

ಮಿತಿಗಳು

ತ್ರೈಮಾಸಿಕ ಫಲಿತಾಂಶವು ವಿವರವಾದ ವಾರ್ಷಿಕ ವರದಿಗೆ ಪರ್ಯಾಯವಲ್ಲ. ಪಟ್ಟಿಯ ಕೆಳಗಿರುವ ಟಿಪ್ಪಣಿಗಳಲ್ಲಿ ಅಸಾಧಾರಣ ಬಾಬುಗಳ ವಿವರಣೆ ಇರುತ್ತದೆ. ಶೀರ್ಷಿಕೆಯಲ್ಲಿ ಕಾಣಿಸುವ ಶೇಕಡಾವಾರು ಅಂಕಿಯು ಯಾವ ಅವಧಿಗೆ ಹೋಲಿಸಿದ್ದು, ಪ್ರತ್ಯೇಕ ಲೆಕ್ಕದ್ದೋ ಕ್ರೋಡೀಕೃತ ಲೆಕ್ಕದ್ದೋ, ಅದರಲ್ಲಿ ಒಂದು ಬಾರಿಯ ಲಾಭ ಸೇರಿದೆಯೋ ಇಲ್ಲವೋ ಎಂಬ ಮೂರು ಸಂಗತಿಗಳು ತಿಳಿದ ಮೇಲೆಯೇ ಆ ಅಂಕಿಗೆ ಅರ್ಥ ಬರುತ್ತದೆ.

ಇವನ್ನೂ ನೋಡಿ

ಭಾರತೀಯ ಷೇರುಪೇಟೆ ನಿಯಂತ್ರಣ ಮಂಡಳಿ
ಲಾಭಾಂಶ
ಸರಕು ಮತ್ತು ಸೇವಾ ತೆರಿಗೆ
ತಾಳೆ ಎಣ್ಣೆ