ಕಲ್ಯಾಣದಾಚೆಯ ಕೋಟೆಗಳಿಗೆ, ಗುಂಪಾಗಿ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಕನ್ನಡಿಗರಿಗೆ ರಜೆ ಎಂದರೆ ಊರು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲಂತೂ ಮತ್ಸ್ಯಗಂಧದಲ್ಲಿ ಬರ್ತ್ ಸಿಕ್ಕಿತೆಂದರೆ ರಜೆಯ ಚಿಂತೆ ಮುಗಿದಂತೆ. ಉಳಿದ ಶನಿವಾರ, ಭಾನುವಾರಗಳು ಮದುವೆ ಮುಂಜಿಗೆ, ಸಂಘದ ಸಭೆಗೆ, ಯಕ್ಷಗಾನಕ್ಕೆ. ಹೀಗಾಗಿ ಮನೆಯ ಹಿಂದೆಯೇ ಇರುವ ಬೆಟ್ಟಗಳು ನಮಗೆ ಬರೀ ನೋಟವಾಗಿ ಉಳಿದಿವೆ. ಡೊಂಬಿವಲಿಯ ಪೂರ್ವಕ್ಕೆ ಕಾಣುವ ಮಲಂಗಗಡ, ಪನವೇಲ್ ದಾಟುವಾಗ ಎದುರಾಗುವ ಪ್ರಬಳಗಡ, ಅದರಾಚೆ ಮಾಥೇರಾನಿನ ಉದ್ದನೆಯ ಬೆನ್ನು: ಇವುಗಳ ಮೇಲೆ ಕಾಲಿಟ್ಟವರು ನಮ್ಮಲ್ಲಿ ಕಡಿಮೆ.

ನಮ್ಮ ಪಕ್ಕದ ಮನೆಯ ಮರಾಠಿ ಹುಡುಗ ಹುಡುಗಿಯರು ಮಾತ್ರ ಬೆನ್ನಿಗೆ ಚೀಲ ಏರಿಸಿಕೊಂಡು ವಾರವಾರವೂ ಅಲ್ಲಿಗೆ ಹೋಗಿ ಬರುತ್ತಾರೆ. ಅವರ ಈ ಗುಂಪು ಚಾರಣಕ್ಕೆ ಗಟ್ಟಿಯಾದ ಪರಂಪರೆಯೊಂದಿದೆ. ಮುಂಬಯಿಯ ಗಿರಿವಿಹಾರ್ ಸಂಸ್ಥೆ ಹುಟ್ಟಿದ್ದು 1954ರಲ್ಲಿ. ಮುಲುಂಡಿನ ಚಕ್ರಮ್ ಹೈಕರ್ಸ್ ತಂಡ ಸಹ್ಯಾದ್ರಿಯ ಹಲವು ದಿನಗಳ ‘ಸಹ್ಯಾಂಕನ್’ ಚಾರಣಕ್ಕೆ ಹೆಸರಾಗಿದೆ. ಇವಲ್ಲದೆ ಕಾಲೇಜಿನ ಗೆಳೆಯರು, ಆಫೀಸಿನವರು, ಬಡಾವಣೆಯವರು ಕಟ್ಟಿಕೊಂಡ ಸಣ್ಣ ತಂಡಗಳು ಲೆಕ್ಕವಿಲ್ಲದಷ್ಟಿವೆ. ಹೆಸರು ನೋಂದಾಯಿಸಿ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಸೇರಬಹುದು. ಒಬ್ಬರ ಪರಿಚಯವೂ ಇಲ್ಲದೆ ಹೋದವರು ಇಪ್ಪತ್ತು ಜನರ ಸ್ನೇಹ ಸಂಪಾದಿಸಿಕೊಂಡು ಮರಳುವ ಈ ಏರ್ಪಾಡಿನಲ್ಲಿ ಏನೇನಿರುತ್ತದೆ ಎಂದು ಹೊಸಬರಿಗೆ ತಿಳಿಸುವುದಕ್ಕೆ ಈ ಬರಹ.

ದಾರಿ ಕವಲೊಡೆಯುವ ಊರು

ಸಹ್ಯಾದ್ರಿಗೆ ಹೊರಟವರಿಗೆ ಕಲ್ಯಾಣ ಜಂಕ್ಷನ್ನೇ ಹೆಬ್ಬಾಗಿಲು. ಇಲ್ಲಿ ರೈಲು ಹಳಿ ಎರಡಾಗುತ್ತದೆ. ಒಂದು ಕಸಾರಾ ಕಡೆಗೆ, ಇನ್ನೊಂದು ಕರ್ಜತ್ ಕಡೆಗೆ. ಮಾಹುಲಿ ಕೋಟೆಗೆ ಹೋಗುವವರು ಕಸಾರಾ ಲೋಕಲ್ ಹಿಡಿದು ಆಸನ್‌ಗಾವ್‌ನಲ್ಲಿ ಇಳಿಯುತ್ತಾರೆ. ಮಹಾರಾಷ್ಟ್ರದ ಅತಿ ಎತ್ತರದ ಶಿಖರವಾದ, 1,646 ಮೀಟರಿನ ಕಳಸೂಬಾಯಿಗೆ ಹೋಗುವವರು ಅದೇ ದಾರಿಯಲ್ಲಿ ಕಸಾರಾದವರೆಗೆ ಹೋಗಿ ಅಲ್ಲಿಂದ ಜೀಪು ಹಿಡಿಯುತ್ತಾರೆ. ಕರ್ಜತ್ ದಾರಿಯಲ್ಲಿ ನೇರಳ್ ಇಳಿದರೆ ಪೇಬ್ ಕೋಟೆ. ಕರ್ಜತ್ ಇಳಿದರೆ ಕೋಥಳಿಗಡ ಮತ್ತು ರಾಜಮಾಚಿ. ರೈಲಿಲ್ಲದ ಮೂರನೆಯ ದಾರಿ ಮುರಬಾಡ್ ಮೇಲೆ ಮಾಳ್ಶೇಜ್ ಘಾಟಿಗೆ ಏರುತ್ತದೆ. ನಾಣೇಘಾಟ್ ಮತ್ತು ಹರಿಶ್ಚಂದ್ರಗಡ ಆ ಕಡೆಗಿವೆ. ನವಿಮುಂಬಯಿಯವರಿಗೆ ಪನವೇಲ್ ಹತ್ತಿರ. ಪ್ರಬಳಗಡ, ಕಲಾವಂತೀಣ್, ಕರ್ನಾಳಾ ಎಲ್ಲಕ್ಕೂ ಅಲ್ಲಿಂದಲೇ ದಾರಿ.

ಒಂದು ದಿನದ ಚಾರಣವಾದರೆ ಬೆಳಗಿನ ಮೊದಲ ಲೋಕಲ್‌ಗಳಲ್ಲಿ ಹೊರಟು ಸಂಜೆಗೆ ಮನೆ ಸೇರಬಹುದು. ಆದರೆ ಗುಂಪಿನ ನಿಜವಾದ ಸುಖ ಇರುವುದು ರಾತ್ರಿ ತಂಗುವ ಚಾರಣದಲ್ಲಿ. ಶನಿವಾರ ಹೊರಟು, ಬೆಟ್ಟದ ಮೇಲಿನ ಹಳ್ಳಿಯೊಂದರಲ್ಲಿ ಉಂಡು ಮಲಗಿ, ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಕೋಟೆ ಹತ್ತುವ ಪದ್ಧತಿ ಅದು.

ಉಧೇವಾಡಿಯ ಊಟ

ರಾಜಮಾಚಿಯನ್ನೇ ತೆಗೆದುಕೊಳ್ಳಿ. ಶ್ರೀವರ್ಧನ ಮತ್ತು ಮನರಂಜನ ಎಂಬ ಅವಳಿ ಕೋಟೆಗಳ ನಡುವಿನ ಮಟ್ಟಸ ಜಾಗದಲ್ಲಿ ಉಧೇವಾಡಿ ಎಂಬ ಪುಟ್ಟ ಹಳ್ಳಿಯಿದೆ. ಕರ್ಜತ್ ಕಡೆಯ ಕೊಂಡಿವಡೆಯಿಂದ ಹೊರಟರೆ, ದಾರಿಯಲ್ಲಿ ಕೊಂಡಾಣೆಯ ಬೌದ್ಧ ಗುಹೆಗಳನ್ನು ನೋಡಿಕೊಂಡು, ಕಾಡಿನ ಏರು ಹತ್ತಲು ಮೂರು ನಾಲ್ಕು ತಾಸು ಹಿಡಿಯುತ್ತದೆ. ಏರು ಬೇಡವೆನ್ನುವವರು ಲೋಣಾವಳಾದಿಂದ ಸುಮಾರು 15 ಕಿಲೋಮೀಟರ್ ನಡೆದು ಬರಬಹುದು. ಹಳ್ಳಿಯ ಮನೆಗಳವರು ಚಾರಣಿಗರಿಗೆ ಊಟ ವಸತಿ ಕೊಡುತ್ತಾರೆ. ಎಷ್ಟು ಜನ ಬರುತ್ತಾರೆಂದು ತಂಡದವರು ಮೊದಲೇ ಫೋನಿನಲ್ಲಿ ಹೇಳಿರುತ್ತಾರೆ.

ಬೆವರಿದ ಬಟ್ಟೆ ಬದಲಿಸಿ ಜಗಲಿಯಲ್ಲಿ ಕೂತರೆ ಮೊದಲು ಬರುವುದು ಚಹಾ. ಆಮೇಲೆ ಎಲ್ಲರೂ ಸುತ್ತ ಕೂತು ಪರಿಚಯ ಹೇಳಿಕೊಳ್ಳುತ್ತಾರೆ. ಇದು ಎಲ್ಲ ತಂಡಗಳಲ್ಲೂ ನಡೆದುಬಂದ ರೂಢಿ. ಹೆಸರು, ಇರುವ ಊರು, ಇದು ಎಷ್ಟನೆಯ ಚಾರಣ ಎಂಬಷ್ಟೇ ಮಾತು. ಬ್ಯಾಂಕಿನ ಮ್ಯಾನೇಜರೂ ಪದವಿಯ ವಿದ್ಯಾರ್ಥಿನಿಯೂ ಅಲ್ಲಿ ‘ಇದು ನನ್ನ ಮೊದಲನೆಯದು’ ಎಂದು ಒಂದೇ ದನಿಯಲ್ಲಿ ಹೇಳುತ್ತಾರೆ. ಅಷ್ಟಕ್ಕೇ ಅರ್ಧ ಸಂಕೋಚ ಕಳೆದುಹೋಗುತ್ತದೆ.

ಊಟಕ್ಕೆ ಸಗಣಿ ಸಾರಿಸಿದ ನೆಲದ ಮೇಲೆ ಎರಡು ಸಾಲು ಪಂಕ್ತಿ. ಅಕ್ಕಿ ಹಿಟ್ಟಿನ ಭಾಕರಿ, ಕಡಲೆಹಿಟ್ಟಿನ ಪಿಠಲೆ, ಹಸಿಮೆಣಸು ಬೆಳ್ಳುಳ್ಳಿ ಜಜ್ಜಿದ ಠೇಚಾ, ಹಸಿ ಈರುಳ್ಳಿ, ಕೊನೆಗೆ ಅನ್ನ ಬೇಳೆ. ಹುಬ್ಬಳ್ಳಿ, ಬೆಳಗಾವಿ ಕಡೆಯವರು ಪಿಠಲೆಯನ್ನು ಬಾಯಿಗಿಟ್ಟ ಕೂಡಲೇ ಝುಣಕದ ಗುರುತು ಹಿಡಿಯುತ್ತಾರೆ. ಕರಾವಳಿಯವರಿಗೆ ಭಾಕರಿ ತಮ್ಮ ಮನೆಯ ಅಕ್ಕಿ ರೊಟ್ಟಿಯ ಹತ್ತಿರದ ನೆಂಟ. ಒಳಗೆ ಕಟ್ಟಿಗೆ ಒಲೆಯ ಮುಂದೆ ಮನೆಯೊಡತಿ ಅಂಗೈಯಲ್ಲಿ ಹಿಟ್ಟು ತಟ್ಟುತ್ತಿರುತ್ತಾಳೆ. ಕಾವಲಿಯ ಮೇಲೆ ಹಾಕಿ, ಮೇಲುಮೈಗೆ ನೀರು ಸವರಿ, ಮಗುಚಿ, ಕಡೆಗೆ ಕೆಂಡದ ಪಕ್ಕ ಉಬ್ಬಿಸಿ ಹೊರಗೆ ಕಳಿಸುತ್ತಾಳೆ. ಬಿಸಿ ಭಾಕರಿ ಒಂದೊಂದಾಗಿಯೇ ಬರುವುದರಿಂದ ಪಕ್ಕದವರೊಡನೆ ಮುರಿದು ಹಂಚಿಕೊಂಡು ತಿನ್ನುವುದು ವಾಡಿಕೆ. ತಟ್ಟೆ ಲೋಟ ತೊಳೆದಿಡುವುದು ತಂತಮ್ಮ ಕೆಲಸ. ಕೆಲವರು ತಾವಾಗಿಯೇ ಬಡಿಸಲು ಏಳುತ್ತಾರೆ.

ಮಲಗುವುದು ಒಂದೇ ದೊಡ್ಡ ಕೋಣೆಯಲ್ಲಿ ಇಲ್ಲವೇ ಅಂಗಳದ ಡೇರೆಗಳಲ್ಲಿ. ಹೆಂಗಸರಿಗೆ ಬೇರೆ ಕೋಣೆ ಇದೆಯೇ, ಶೌಚಾಲಯ ಹೇಗಿದೆ ಎಂಬುದನ್ನು ಹೊರಡುವ ಮೊದಲೇ ಕೇಳಿ ತಿಳಿಯಬೇಕು. ಒಳ್ಳೆಯ ತಂಡದವರು ಕೇಳುವ ಮೊದಲೇ ಹೇಳುತ್ತಾರೆ. ಗೊರಕೆ, ಸೊಳ್ಳೆ, ನಡುರಾತ್ರಿಯ ಪಿಸುಮಾತು ಇವೆಲ್ಲ ಇದ್ದದ್ದೇ. ಬಿಸಿನೀರಿನ ಸ್ನಾನ, ಮೆತ್ತನೆಯ ಹಾಸಿಗೆ ಬೇಕೆನ್ನುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ.

ನಿಧಾನದವರ ಹೆಜ್ಜೆ

ನಡೆಯುವಾಗ ಸಾಲಿನ ಮುಂದೆ ಲೀಡರ್ ಇರುತ್ತಾರೆ. ಹಿಂದೆ ಒಬ್ಬರು ಇರುತ್ತಾರೆ, ಅವರನ್ನು ಸ್ವೀಪ್ ಎನ್ನುತ್ತಾರೆ. ಲೀಡರನ್ನು ದಾಟಿ ಯಾರೂ ಹೋಗಕೂಡದು, ಸ್ವೀಪಿನ ಹಿಂದೆ ಯಾರೂ ಉಳಿಯಕೂಡದು. ತಂಡ ಒಳ್ಳೆಯದೋ ಅಲ್ಲವೋ ಎಂದು ತಿಳಿಯಬೇಕಾದರೆ ಸ್ವೀಪನ್ನು ನೋಡಬೇಕು. ಏದುಸಿರು ಬಿಡುವ ಕಡೆಯ ಮನುಷ್ಯನ ಪಕ್ಕ ನಿಂತು ಆತ ನೀರು ಕುಡಿಸುತ್ತಾನೆ, ಚೀಲ ಹೊರುತ್ತಾನೆ, ‘ಅವಸರ ಇಲ್ಲ’ ಎನ್ನುತ್ತಾನೆ. ಮೇಳದಲ್ಲಿ ಎಂಥ ವೇಷಧಾರಿಯೂ ಭಾಗವತರ ತಾಳಕ್ಕೆ ಹೊಂದಿಕೊಳ್ಳುವಂತೆ ಇಲ್ಲಿ ಗಟ್ಟಿ ಕಾಲಿನವರೂ ನಿಧಾನದವರ ನಡಿಗೆಗೆ ಹೊಂದಿಕೊಳ್ಳಬೇಕು. ಗುಂಪು ಚಾರಣ ಕಲಿಸುವ ಮೊದಲ ಪಾಠವೂ ಕಡೆಯ ಪಾಠವೂ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಮನಸ್ಸಿಲ್ಲದವರು ಒಬ್ಬರೇ ಹೋಗುವುದು ಲೇಸು.

ಬಸಾಲ್ಟ್ ಬಂಡೆಯ ಈ ಬೆಟ್ಟಗಳಲ್ಲಿ ಮೆಟ್ಟಿಲು ಮೆಟ್ಟಿಲಾದ ಏರು, ಉದುರು ಕಲ್ಲಿನ ಇಳಿಜಾರು, ಅಂಚಿನಲ್ಲಿ ನೇರ ಪ್ರಪಾತ ಎಲ್ಲವೂ ಇವೆ. ಹತ್ತುವುದಕ್ಕಿಂತ ಇಳಿಯುವುದು ಮಂಡಿಗೆ ಕಷ್ಟ. ಹಿಡಿತವುಳ್ಳ ಬೂಟು, ಎರಡು ಮೂರು ಲೀಟರ್ ನೀರು, ತಲೆಗೆ ಕಟ್ಟುವ ಟಾರ್ಚು, ತಟ್ಟೆ ಲೋಟ, ಹೊದೆಯಲು ಒಂದು ಶಾಲು, ಎರಡೂ ಕೈ ಬಿಡುವಾಗಿರುವಂತೆ ಬೆನ್ನಿಗೇರುವ ಚೀಲ ಇಷ್ಟಿದ್ದರೆ ಸಾಕು. ಕಲಾವಂತೀಣಿನ ಕಡಿದಾದ ಕಲ್ಲುಮೆಟ್ಟಿಲು, ಹರಿಶ್ಚಂದ್ರಗಡದ ನಳಿಯ ದಾರಿ ಹೊಸಬರಿಗಲ್ಲ. ಅದೇ ಹರಿಶ್ಚಂದ್ರಗಡಕ್ಕೆ ಪಾಚನಾಯಿ ಹಳ್ಳಿಯಿಂದ ಸುಲಭದ ದಾರಿಯಿದೆ. ನೀರಿನ ನಡುವೆ ಲಿಂಗವಿರುವ ಕೇದಾರೇಶ್ವರ ಗುಹೆ, ಕೊಂಕಣಕ್ಕೆ ಬಾಗಿ ನಿಂತ ಕೊಂಕಣಕಡಾ ಎರಡನ್ನೂ ಆ ದಾರಿಯಲ್ಲೇ ಹೋಗಿ ನೋಡಬಹುದು.

ಮಾಹುಲಿಯಿಂದ ಬೆಂಗಳೂರಿಗೆ

ಈ ಕೋಟೆಗಳು ಮರಾಠಿಗರವು, ನಮಗೇನು ಎಂದುಕೊಳ್ಳುವವರು ಒಮ್ಮೆ ಮಾಹುಲಿಗೆ ಹೋಗಿಬರಬೇಕು. ನಿಜಾಮಶಾಹಿಯನ್ನು ಉಳಿಸಿಕೊಳ್ಳಲು ಹೆಣಗಿದ ಶಹಾಜಿ ಭೋಸಲೆ 1636ರಲ್ಲಿ ಕಡೆಯದಾಗಿ ನೆಲೆನಿಂತದ್ದು ಇಲ್ಲಿ. ಮೊಗಲರೂ ಬಿಜಾಪುರದವರೂ ಸೇರಿ ಮುತ್ತಿದಾಗ ಕೋಟೆ ಬಿಟ್ಟುಕೊಟ್ಟು ಆದಿಲಶಾಹಿಯ ಸೇವೆಗೆ ಸೇರಿದ. ಮುಂದೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಜೊತೆ ಕರ್ನಾಟಕದ ದಂಡಯಾತ್ರೆಗೆ ಬಂದ. 1638ರಲ್ಲಿ ಕೆಂಪೇಗೌಡರ ವಂಶದ ಕೈತಪ್ಪಿದ ಬೆಂಗಳೂರು ಶಹಾಜಿಯ ಜಹಗೀರಾಯಿತು. 1664ರಲ್ಲಿ ಆತ ತೀರಿಕೊಂಡದ್ದು ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಸಮಾಧಿ ಇಂದಿಗೂ ಅಲ್ಲಿದೆ. ಮಾಹುಲಿಯ ಸೋಲಿನಿಂದ ಹೊರಟ ದಾರಿಯೊಂದು ನಮ್ಮ ರಾಜಧಾನಿಯ ಚರಿತ್ರೆಯನ್ನು ಹೊಕ್ಕು ದಾವಣಗೆರೆ ಸೀಮೆಯಲ್ಲಿ ಮುಗಿಯುತ್ತದೆ. ಕೋಟೆಯ ತುದಿಯ ಹತ್ತಿರದ ಕಬ್ಬಿಣದ ಏಣಿ ಹತ್ತಿ ಪಳಸಗಡ, ಮಾಹುಲಿ, ಭಂಡಾರಗಡ ಎಂಬ ಮೂರು ಭಾಗಗಳನ್ನು ನೋಡುವಾಗ ಈ ಕಥೆ ಗೊತ್ತಿದ್ದರೆ ನೋಟವೇ ಬೇರೆ.

ನಾಣೇಘಾಟ್ ಇನ್ನೂ ಹಳೆಯದು. ಕಲ್ಯಾಣ ಬಂದರಾಗಿದ್ದ ಕಾಲದಲ್ಲಿ ಸರಕು ಹೊತ್ತ ಎತ್ತುಗಳು ಜುನ್ನರ್, ಪೈಠಣಕ್ಕೆ ಏರಿಹೋದ ದಾರಿ ಇದು. ಘಾಟಿಯ ನೆತ್ತಿಯ ಗುಹೆಯಲ್ಲಿ ಶಾತವಾಹನ ರಾಣಿ ನಾಗನಿಕೆಯ ಬ್ರಾಹ್ಮಿ ಶಾಸನವಿದೆ. ಯಜ್ಞಗಳಲ್ಲಿ ಕೊಟ್ಟ ಗೋವು, ಕುದುರೆ, ಆನೆ, ಕಾರ್ಷಾಪಣಗಳ ಲೆಕ್ಕ ಅದರಲ್ಲಿದೆ. ಭಾರತದ ಅತಿ ಹಳೆಯ ಅಂಕಿಗಳ ಕೆಲವು ರೂಪಗಳೂ ಅಲ್ಲಿ ಸಿಗುತ್ತವೆ. ಗುಹೆಯ ಹತ್ತಿರ ಸುಂಕ ಹಾಕಲು ಇಟ್ಟದ್ದೆಂದು ಹೇಳುವ ಕಲ್ಲಿನ ದೊಡ್ಡ ಕೊಳಗ ನಿಂತಿದೆ. ಕಲಬುರಗಿ ಜಿಲ್ಲೆಯ ಕನಗನಹಳ್ಳಿಯ ಸ್ತೂಪದಲ್ಲಿ ಇದೇ ಶಾತವಾಹನ ದೊರೆಗಳ ಶಿಲ್ಪಗಳಿರುವುದನ್ನು ಬಲ್ಲ ಕನ್ನಡಿಗರಿಗೆ ನಾಣೇಘಾಟ್ ಪರಸ್ಥಳವಾಗಿ ಕಾಣುವುದಿಲ್ಲ.

ಕಾಲ ಮತ್ತು ಎಚ್ಚರ

ಮೇ ಕೊನೆಯಿಂದ ಜೂನ್ ಮೊದಲ ಮಳೆಯವರೆಗೆ ರಾಜಮಾಚಿ ಸುತ್ತಿನ ಮರಗಳಲ್ಲಿ ಮಿಂಚುಹುಳುಗಳ ಹಬ್ಬ. ಮಳೆಗಾಲದಲ್ಲಿ ಜಲಪಾತ, ಅದರ ಬೆನ್ನಿಗೆ ಹಳದಿ ಸೋನಕಿ ಹೂವು. ರಾತ್ರಿ ತಂಗಲು ನವೆಂಬರಿನಿಂದ ಫೆಬ್ರವರಿ ಪ್ರಶಸ್ತ.

ಮಳೆಗಾಲದ ಸೊಬಗಿನ ಹಿಂದೆ ಅಪಾಯವೂ ಇದೆ. 2023ರ ಜುಲೈ 19ರ ರಾತ್ರಿ ಇರ್ಶಾಳಗಡ ಕೋಟೆಯ ಬುಡದ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿದು ಹತ್ತಾರು ಜನ ಮಣ್ಣುಪಾಲಾದರು. ಕೋಟೆಗೆ ಬಂದವರಿಗೆ ಅನ್ನ ನೀರು ಕೊಟ್ಟಿದ್ದ ಠಾಕರ್ ಸಮುದಾಯದ ಹಾಡಿ ಅದು. ರಕ್ಷಣೆಗೆ ಓಡಿದವರಲ್ಲಿ ಚಾರಣ ತಂಡಗಳವರೂ ಇದ್ದರು. ನಾವು ಉಂಡ ಮನೆಗಳ ಕಷ್ಟಸುಖವೂ ನಮ್ಮದೇ ಎಂಬ ತಿಳಿವಳಿಕೆ ಪ್ರತಿ ಚಾರಣಿಗನಿಗೂ ಬೇಕು. ಹಳ್ಳಿಯವರ ಜೊತೆ ಊಟದ ದರಕ್ಕೆ ಚೌಕಾಸಿ ಬೇಡ, ಬಾವಿಯ ನೀರನ್ನು ಹಿತಮಿತವಾಗಿ ಬಳಸಬೇಕು, ಪ್ಲಾಸ್ಟಿಕ್ ಚೂರನ್ನೂ ಬಿಟ್ಟುಬರಬಾರದು.

ಮಹಾರಾಷ್ಟ್ರ ಸರಕಾರ 2021ರಲ್ಲಿ ಸಾಹಸ ಪ್ರವಾಸೋದ್ಯಮ ನೀತಿ ತಂದು ಆಯೋಜಕರ ನೋಂದಣಿಗೆ ವ್ಯವಸ್ಥೆ ಮಾಡಿದೆ. ನೋಂದಣಿ ಇದೆಯೇ, ಲೀಡರಿಗೆ ತರಬೇತಿ ಆಗಿದೆಯೇ, ಒಬ್ಬ ಲೀಡರಿಗೆ ಎಷ್ಟು ಜನ, ಪ್ರಥಮ ಚಿಕಿತ್ಸೆ ಬಲ್ಲವರು ಯಾರು, ಮಳೆ ಜೋರಾದರೆ ಚಾರಣ ನಿಲ್ಲಿಸುತ್ತಾರೆಯೇ ಎಂದು ದುಡ್ಡು ಕಟ್ಟುವ ಮೊದಲು ಕೇಳಿ. ಬಸ್ಸುಗಟ್ಟಲೆ ಜನರನ್ನು ತಂದು ಕೋಟೆಯ ಬಾಗಿಲಲ್ಲಿ ಬಿಡುವವರಿಗೂ ತಂಡ ಕಟ್ಟಿಕೊಂಡು ನಡೆಯುವವರಿಗೂ ಇರುವ ವ್ಯತ್ಯಾಸ ಆ ಉತ್ತರಗಳಲ್ಲೇ ತಿಳಿಯುತ್ತದೆ.

ಇಲ್ಲಿಂದ ಹಿಮದವರೆಗೆ

ಅಪರಿಚಿತರು ಒಂದೇ ಸೂರಿನಡಿ ಉಂಡು ಮಲಗಿ ಬೆಟ್ಟಕ್ಕೆ ಹೋಗುವ ಪದ್ಧತಿ ಲೋಕದ ಬೇರೆಡೆಯೂ ಇದೆ. ಆಲ್ಪ್ಸ್ ಪರ್ವತದ ಮರದ ಮನೆಗಳಲ್ಲಿ ಹತ್ತು ಹನ್ನೆರಡು ಜನ ಒಂದು ವಾರ ಒಟ್ಟಿಗಿದ್ದು, ಹಗಲು ಹಿಮದಲ್ಲಿ ಜಾರಿ, ಸಂಜೆ ಒಂದೇ ಮೇಜಿನಲ್ಲಿ ಉಣ್ಣುತ್ತಾರೆ. ಜರ್ಮನಿಯ ಶಿಕ್ಷಕ ರಿಚರ್ಡ್ ಶಿರ್ಮನ್ 1909ರಲ್ಲಿ ಮಕ್ಕಳೊಡನೆ ಚಾರಣ ಹೋದಾಗ ಬಿರುಗಾಳಿ ಮಳೆಗೆ ಸಿಕ್ಕಿ ಶಾಲೆಯೊಂದರಲ್ಲಿ ರಾತ್ರಿ ಕಳೆಯಬೇಕಾಯಿತು. ಯೂತ್ ಹಾಸ್ಟೆಲ್ ಕಲ್ಪನೆ ಹುಟ್ಟಿದ್ದು ಆಗಲೇ. ಯೂತ್ ಹಾಸ್ಟೆಲ್ ಸಂಸ್ಥೆಯ ಭಾರತೀಯ ಶಾಖೆಯ ಹಿಮಾಲಯ ಶಿಬಿರಗಳಿಗೆ ಸಹ್ಯಾದ್ರಿಯಲ್ಲಿ ಪಳಗಿದ ಕಾಲುಗಳು ಸಲೀಸಾಗಿ ಹೋಗುತ್ತವೆ. ಸ್ಕೀಯಿಂಗ್ ಕಲಿಯಬೇಕೆನ್ನುವವರಿಗೆ ಉತ್ತರಾಖಂಡದ ಔಲಿಯಲ್ಲಿ, ಕಾಶ್ಮೀರದ ಗುಲ್ಮಾರ್ಗಿನಲ್ಲಿ ಚಳಿಗಾಲದ ತರಬೇತಿಗಳಿವೆ. ಹಂಚಿಕೊಂಡು ಮಲಗುವ ಕೋಣೆ, ಕಾದು ನಿಲ್ಲುವ ತಾಳ್ಮೆ ಇವೆರಡೂ ಅಲ್ಲೂ ಬೇಕು. ಉಧೇವಾಡಿಯಲ್ಲಿ ಕಲಿತದ್ದು ಅಲ್ಲಿ ಕೈಹಿಡಿಯುತ್ತದೆ.

ಸಂಘಗಳಿಗೆ ಒಂದು ಮಾತು

ನಮ್ಮ ಕನ್ನಡ ಸಂಘಗಳು ವರ್ಷಕ್ಕೊಂದೆರಡು ಚಾರಣವನ್ನು ಕಾರ್ಯಕ್ರಮ ಪಟ್ಟಿಗೆ ಸೇರಿಸಿಕೊಳ್ಳಬೇಕು. ಶಹಾಜಿಯ ಕಥೆ ಹೇಳಬಲ್ಲ ಮೇಷ್ಟ್ರೊಬ್ಬರು, ನುರಿತ ಮರಾಠಿ ತಂಡವೊಂದರ ಲೀಡರು ಜೊತೆಗಿದ್ದರೆ ಸಾಕು. ಆದರೆ ದಿನ ಆರಿಸುವಾಗ ಒಂದು ವಿಷಯ ನೆನಪಿರಲಿ. ಈ ಊರುಗಳಲ್ಲಿ ನಮ್ಮವರನೇಕರ ಬದುಕು ಹೋಟೆಲಿನದು, ಹೋಟೆಲಿನವರಿಗೆ ಭಾನುವಾರವೇ ಮೈತುಂಬ ಕೆಲಸ. ವಾರಾಂತ್ಯದ ಚಾರಣಗಳು ಇಷ್ಟು ಬೆಳೆದರೂ ಅಡುಗೆಯವರು, ಮಾಣಿಗಳು, ಗಲ್ಲೆಯಲ್ಲಿ ಕೂರುವವರು ಅದರಿಂದ ಹೊರಗೇ ಉಳಿದದ್ದು ಇದರಿಂದ. ನಡುವಾರದಲ್ಲಿ ಕೋಟೆಗಳು ಬಿಡುವಾಗಿರುತ್ತವೆ, ಹಳ್ಳಿಯ ಮನೆಗಳಲ್ಲಿ ಜಾಗವೂ ಸಲೀಸಾಗಿ ಸಿಗುತ್ತದೆ. ಸಂಘದ ಮೊದಲ ಚಾರಣ ಮಂಗಳವಾರವೋ ಬುಧವಾರವೋ ಹೊರಡಲಿ. ವರ್ಷವಿಡೀ ಬೇರೆಯವರಿಗೆ ಬಡಿಸುವವರು ಒಂದು ರಾತ್ರಿ ಪಂಕ್ತಿಯಲ್ಲಿ ಕೂತು ಬಿಸಿ ಭಾಕರಿ ಉಣ್ಣಲಿ.