ಹಳೇ ಜೀಪು ಏರು ಎಳೀತಿಲ್ವಾ? ಟರ್ಬೊಗೆ ಮೊದಲು ಇಷ್ಟು ನೋಡಿ

ಮೂಡಿಗೆರೆ ಕಡೆಯ ನಮ್ಮ ತೋಟದಿಂದ ಕಣಕ್ಕೆ ಬರೋ ದಾರೀಲಿ ಒಂದು ಕಡಿದಾದ ಏರಿದೆ. ಕಳೆದ ಕೊಯ್ಲಿನಲ್ಲಿ ಕಾಫಿ ಹಣ್ಣಿನ ಮೂಟೆ ಹೇರಿಕೊಂಡು ಹೊರಟ ನಮ್ಮ ಎಂಎಂ 540 ಜೀಪು ಅರ್ಧ ಏರಿನಲ್ಲಿ ನಿಂತು ಹಿಂದಕ್ಕೆ ಜಾರಿತು. ಮೂಟೆ ಮೇಲೆ ಇಬ್ಬರು ಕೆಲಸದವರು ಕೂತಿದ್ದರು. ಚಕ್ರಕ್ಕೆ ಕಲ್ಲು ಕೊಟ್ಟು ಹೇಗೋ ನಿಲ್ಲಿಸಿದೆವು. ಪವರ್ ಹೆಚ್ಚಿಸಲೇಬೇಕು ಅಂತ ಅವತ್ತೇ ನಿರ್ಧರಿಸಿದೆ.

ವಿಚಾರಿಸಿದಾಗ ಮೂರು ಸಲಹೆ ಬಂತು. ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸೋದು ಹೆಚ್ಚುಕಡಿಮೆ ಬಿಟ್ಟಿ ಕೆಲಸ. ಆದರೆ ಗಾಳಿ ಅಷ್ಟೇ ಇದ್ದು ಡೀಸೆಲ್ ಮಾತ್ರ ಹೆಚ್ಚಾದರೆ, ಒಂದು ಮಿತಿಯ ನಂತರ ಸಿಗೋದು ಕಪ್ಪು ಹೊಗೆ ಮತ್ತು ಬಿಸಿ. ಟರ್ಬೊ ಗಾಳಿಯನ್ನೇನೋ ಒತ್ತಿ ತುಂಬುತ್ತೆ. ಆದರೆ ನಮ್ಮ 2112 ಸಿಸಿ ಪ್ಯೂಜೋ ಎಂಜಿನ್ ಟರ್ಬೊ ಇಲ್ಲದೇ ಬಂದದ್ದು. ವಯಸ್ಸಾದ ಹೆಡ್ ಗ್ಯಾಸ್ಕೆಟ್, ರಿಂಗ್, ರೇಡಿಯೇಟರ್ ಅದನ್ನು ತಡೀಬೇಕಲ್ಲ! ಎಂಜಿನ್ನೇ ಬದಲಿಸೋಣ ಅಂದ್ರೆ ದುಡ್ಡಿನ ಜೊತೆ ಆರ್‌ಟಿಒ ಒಪ್ಪಿಗೆ, ಆರ್‌ಸಿ ತಿದ್ದುಪಡಿ.

ಕೊನೆಗೆ ಒಬ್ಬ ಹಳೇ ಮೆಕ್ಯಾನಿಕ್, "ಇದ್ದ ಪವರ್ ಎಲ್ಲಿ ಹೋಯ್ತು ನೋಡೋಣ ಇರಿ ಮಾರಾಯ್ರೇ" ಅಂದರು. ಎಂಜಿನ್ ಆಫ್ ಮಾಡಿ ನನಗೆ ಆಕ್ಸಿಲರೇಟರ್ ಪೂರ್ತಿ ಒತ್ತಲು ಹೇಳಿದರು. ಪಂಪಿನ ಲಿವರ್ ಕೊನೆಯ ಸ್ಟಾಪ್ ಮುಟ್ಟುತ್ತಲೇ ಇರಲಿಲ್ಲ! ಎಷ್ಟು ವರ್ಷದಿಂದ ಹಾಗೇ ಓಡಿಸಿದ್ದೆನೋ. ಈ ಪರೀಕ್ಷೆಗೆ ಎರಡು ನಿಮಿಷ ಸಾಕು, ಇವತ್ತೇ ಮಾಡಿ ನೋಡಿ. ಏರ್ ಕ್ಲೀನರ್ ಬಟ್ಟಲಿನ ಎಣ್ಣೆ ಕೆಸರಾಗಿತ್ತು. ಹಿಂದಿನ ಒಂದು ಚಕ್ರಕ್ಕೆ ಬ್ರೇಕ್ ಹಿಡಿದೇ ಇತ್ತು. ಇವೆಲ್ಲ ಸರಿಮಾಡಿ, ಟ್ಯಾಪೆಟ್ ಹೊಂದಿಸಿ, ಡೀಸೆಲ್ ಫಿಲ್ಟರ್ ಮತ್ತು ನಾಲ್ಕೂ ನಾಝಲ್ ಬದಲಿಸಿದ್ದಕ್ಕೆ ನನಗೆ ಒಟ್ಟು 11,000 ರೂಪಾಯಿ ಆಯ್ತು.

ಇನ್ನೊಂದು ತಪ್ಪು ನನ್ನದೇ. ನೋಡೋಕೆ ಚೆಂದ ಅಂತ ದೊಡ್ಡ ಟೈರ್ ಹಾಕಿಸಿದ್ದೆ. ಟೈರಿನ ಎತ್ತರ 10% ಹೆಚ್ಚಾದರೆ ಚಕ್ರದ ಎಳೆತ ಹತ್ತಿರಹತ್ತಿರ 9% ಕಮ್ಮಿ. ವಾಪಸ್ ಹಳೇ ಸೈಜಿಗೇ ಬಂದೆ.

ಲೋ ಗೇರನ್ನಂತೂ ನಮ್ಮಲ್ಲಿ ಕೆಸರಿಗೆ ಮಾತ್ರ ಅಂದ್ಕೊಂಡಿದ್ದಾರೆ. ಅದು ಎಳೆತವನ್ನು ಸುಮಾರು ಎರಡೂವರೆ ಪಟ್ಟು ಮಾಡುತ್ತೆ, ವೇಗ ಅಷ್ಟೇ ಇಳಿಯುತ್ತೆ. ಏರಿನ ಬುಡದಲ್ಲಿ ನಿಲ್ಲಿಸಿಯೇ ಹಾಕಿ; ಡಾಂಬರು ಸಿಕ್ಕ ಕೂಡಲೇ ತೆಗೆಯಿರಿ.

ಇಷ್ಟಾದರೂ ಎಳೀದಿದ್ರೆ ಕಂಪ್ರೆಷನ್ ಚೆಕ್ ಮಾಡಿಸಿ. ಅದೇ ಇಳಿದಿದ್ದರೆ ಟರ್ಬೊ ದುಡ್ಡನ್ನು ಎಂಜಿನ್ ಕೆಲಸಕ್ಕೆ ಇಡಿ. ನಮ್ಮದರಲ್ಲಿ ಕಂಪ್ರೆಷನ್ ಚೆನ್ನಾಗಿದೆ, ಈ ಸಲ ಅದೇ ಏರು ನಿಲ್ಲದೆ ಹತ್ತಿತು. ಕೆಲಸದವರು ಮಾತ್ರ ಇಳಿದು ನಡೆದೇ ಬರ್ತಾರೆ.